ಮಾದಯ್ಯ ಕೊಟ್ಟ ಹೆಸರು, ನಾನು ಬರೆದ ಹೆಸರು

ನಿನಗೆ ಸಾಕಮ್ಮ ಎಂದು ಹೆಸರಿಟ್ಟವನು ನಿನ್ನ ಅಪ್ಪ ಮಾದಯ್ಯನಲ್ಲ. ನಾನು. ಒಂದನೇ ಕ್ಲಾಸಿನಿಂದ ನಾಲ್ಕನೇ ಕ್ಲಾಸಿನವರೆಗೆ ನಿನಗೆ ಪಾಠ ಹೇಳಿದ ಗುರುಮಲ್ಲಪ್ಪ ಮೇಷ್ಟ್ರು.

ಇಷ್ಟು ಬರೆಯಲು ನನಗೆ ನಲವತ್ತು ವರ್ಷ ಬೇಕಾಯಿತು. ಇದಕ್ಕೆ ಮುಂಚೆ ಮೂರು ಹಾಳೆ ಹರಿದು ಹಾಕಿದ್ದೇನೆ. ಮೊದಲನೆಯದರಲ್ಲಿ ‘ಆ ಕಾಲವೇ ಹಾಗಿತ್ತು’ ಎಂದು ಶುರು ಮಾಡಿದ್ದೆ. ಎರಡನೆಯದರಲ್ಲಿ ತಪ್ಪನ್ನೆಲ್ಲ ತೀರಿಹೋದ ನಮ್ಮ ದೊಡ್ಡಪ್ಪನ ತಲೆಗೆ ಕಟ್ಟಿದ್ದೆ. ಮೂರನೆಯದು ಚೆನ್ನಾಗಿಯೇ ಬಂದಿತ್ತು, ಅದಕ್ಕೇ ಹರಿದೆ — ಚೆನ್ನಾಗಿ ಬರೆದು ನಿನ್ನ ಕೈಯಲ್ಲಿ ಪಾಸಾಗಿಬಿಡುವ ಆಸೆ ಅದರಲ್ಲಿತ್ತು. ಮೇಷ್ಟ್ರ ಬುದ್ಧಿ ಸುಲಭಕ್ಕೆ ಹೋಗುವುದಿಲ್ಲ.

‘ನೀನು’ ಎಂದೇ ಬರೆಯುತ್ತಿದ್ದೇನೆ. ಮೇಷ್ಟ್ರ ಸಲುಗೆ ಎಂದುಕೋ. ನಮ್ಮ ಮನೆಯಲ್ಲಿ ನಿನ್ನ ಅಪ್ಪನನ್ನು ಸಣ್ಣ ಮಕ್ಕಳು ಕೂಡ ಏಕವಚನದಲ್ಲಿ ಮಾತಾಡಿಸುತ್ತಿದ್ದರು. ಆ ‘ನೀನು’ ಬೇರೆ, ಇದು ಬೇರೆ — ಹಾಗೆಂದು ನನ್ನ ನಂಬಿಕೆ. ಓದಿ ಮುಗಿಸಿದ ಮೇಲೆ ನಿನಗೆ ಹಾಗೆ ಅನ್ನಿಸದಿದ್ದರೆ ಅದನ್ನೂ ನನ್ನ ತಪ್ಪಿಗೆ ಸೇರಿಸು.

ಹೋದ ವಾರ ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತಿದೆನಲ್ಲ, ಮಗಳ ಮನೆಗೆ ಹೊರಟಿದ್ದೆ. ಕಂಡಕ್ಟರು ಯಾರೆಂದು ನಾನು ನೋಡಿರಲಿಲ್ಲ. ‘ಮೇಷ್ಟ್ರೇ, ಬನ್ನಿ ಮುಂದ್ಗಡೆ’ ಎಂದು ನೀನೇ ಕೂಗಿ ಡ್ರೈವರ್ ಹಿಂದಿನ ಸೀಟು ಕೊಡಿಸಿದೆ. ‘ಗುರ್ತು ಸಿಕ್ತಾ? ಸಾಕಮ್ಮ ಕಣಿ, ಮಾದಯ್ಯನ ಕೊನೇ ಮಗ್ಳು’ ಎಂದೆ. ಗುರುತು ಸಿಗದೇ ಏನು. ಆದರೆ ನಿನ್ನ ಮುಖಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಖಾಕಿ ಬಟ್ಟೆಯ ಮೇಲೆ ಎದೆಗೆ ಚುಚ್ಚಿಕೊಂಡಿದ್ದ ಹೆಸರಿನ ಪಟ್ಟಿ. ‘ಎಂ. ಸಾಕಮ್ಮ’. ನಾನು ಒಂದು ದಿನ ಶಾಯಿಯಲ್ಲಿ ಗೀಚಿದ್ದನ್ನು ನೀನು ದಿನಾ ಎದೆಯ ಮೇಲೆ ಹೊತ್ತು ಈ ರಸ್ತೆಯಲ್ಲಿ ಓಡಾಡುತ್ತಿದ್ದೀಯ.

ತೆರಕಣಾಂಬಿಯಲ್ಲಿ ಬಸ್ಸು ಅರ್ಧ ಖಾಲಿಯಾದ ಮೇಲೆ ನನ್ನ ಪಕ್ಕದ ಕಂಬಿಗೆ ಒರಗಿ ನಿಂತು ನೀನು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ.

‘ಮಗ್ಳು ಅರ್ಜಿ ತುಂಬ್ಸಕ್ಕೆ ಕಂಪ್ಯೂಟರ್ ಅಂಗ್ಡೀಗ್ ಓಗಿದ್ದೋ ಮೇಷ್ಟ್ರೇ. ತಾಯಿ ಎಸ್ರು ಒಂದ್ ಕಡೆ, ಸರ್‌ನೇಮ್ ಒಂದ್ ಕಡೆ ಆಕ್ಬೇಕಂತೆ. ಖಾಲಿ ಬುಟ್ರೆ ಮುಂದ್ಕೇ ಓಗಲ್ವಂತೆ ಅದು. ನಮ್ ಕಡೆ ಸರ್‌ನೇಮ್ ಎಲ್ಲದೆ? ಅಪ್ಪನ್ ಎಸ್ರೇ ಆಕ್ಬುಡಿ ಅಂದ ಅಂಗ್ಡಿಯವ್ನು. ನಾನು ಬ್ಯಾಡ ಅಂದ್ಬುಟ್ಟೆ. ಊರೆಸ್ರಾರೂ ಆಕ್ಕತೀನಿ, ಅವುನ್ದು ಬ್ಯಾಡ.’

ಯಾಕಮ್ಮ ಎಂದೆ. ಕೇಳಬಾರದಿತ್ತು.

‘ನಮ್ಮಪ್ಪ ಸಾಯಗಂಟ ಒಂದಿನ್ವೂ ನನ್ ಎಸ್ರಿಡ್ದು ಕರೀನಿಲ್ಲ ಮೇಷ್ಟ್ರೇ. ಅಕ್ಕದೀರ್ನ ಚೆಲ್ವಿ, ಸಿದ್ದಿ ಅಂತ ಬಾಯ್ತುಂಬ ಕರೆಯವ್ನು. ನಾನ್ ಮಾತ್ರ ಅಮ್ಮಿ. ಏ ಅಮ್ಮಿ, ಬಾ ಅಮ್ಮಿ. ಮೂರ್ನೇದೂ ಎಣ್ಣಾಯ್ತು, ಸಾಕು ಅಂತ ಎಸ್ರಿಟ್ಟ. ಇಟ್ಟ್ ಎಸ್ರನ್ನಾರೂ ಕರೀಬೈದಾಗಿತ್ತು.’

ಆಮೇಲೆ ನೀನೇ ನಕ್ಕೆ. ಸೋಮವಾರ ರಜೆ ಹಾಕಿದ್ದೀನಿ, ನೋಟರಿ ಹತ್ತಿರ ಹೋಗಿ ಹೆಸರನ್ನೇ ಬದಲಾಯಿಸಿಕೊಳ್ಳುತ್ತೀನಿ, ಹಿಂದಿನ ‘ಎಂ’ ಅನ್ನೂ ತೆಗೆಸಿಬಿಡುತ್ತೀನಿ ಎಂದೆ. ‘ಒಂದ್ ಒಳ್ಳೆ ಎಸ್ರು ಯೋಳಿ ಮೇಷ್ಟ್ರೇ. ನಮ್ಮೂರ್ ಮಕ್ಳ ಎಸ್ರೆಲ್ಲ ಬರ್ದವ್ರು ನೀವೇ ಅಲ್ವಾ’ ಎಂದೆ. ಯೋಚಿಸಿ ಹೇಳುತ್ತೇನೆ ಎಂದು ಹೇಳಿ ಕಿಟಕಿಯ ಆಚೆ ನೋಡುತ್ತ ಕೂತೆ. 

ನೀನು ಕೇಳಿದ್ದು ಯೋಚಿಸಿ ಹುಡುಕಬೇಕಾದ ಹೆಸರೇ ಅಲ್ಲ. ನಿನಗೆ ಒಂದು ಹೆಸರು ನೀನು ಹುಟ್ಟಿದ ದಿನವೇ ಇತ್ತು. ಅದನ್ನು ನಾನು ನಿನಗೆ ತಲುಪಿಸಲಿಲ್ಲ.

ನೀನು ಹುಟ್ಟಿದ್ದು ಕೇರಿಯ ನಿಮ್ಮ ಮನೆಯಲ್ಲಲ್ಲ, ನಮ್ಮ ಹೊಲದಲ್ಲಿ. ಅದು ನಿನಗೆ ಗೊತ್ತೋ ಇಲ್ಲವೋ. ಅರಿಸಿನ ಅಗೆಯುವ ಕಾಲ. ನಿನ್ನ ಅಪ್ಪ, ಅವ್ವ ದೇವಮ್ಮ ಇಬ್ಬರೂ ನಮ್ಮಲ್ಲಿ ಕೂಲಿಗೆ ಬರುತ್ತಿದ್ದರು. ದೇವಮ್ಮ ತುಂಬಿದ ಬಸುರಿ, ಇನ್ನೂ ಹದಿನೈದು ದಿನ ಇದೆ ಎಂದು ಹೇಳುತ್ತ ಕೂತು ಗೆಡ್ಡೆ ಬಿಡಿಸುತ್ತಿದ್ದಳು. ಮಧ್ಯಾಹ್ನ ನನ್ನ ಅವ್ವ ಆಳುಗಳಿಗೆ ಬುತ್ತಿ ಹೊತ್ತು ತಂದಳು. ಅವಳು ಬರುವುದಕ್ಕೂ ದೇವಮ್ಮನಿಗೆ ನೋವು ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ಗಾಡಿ ಹರವೆ ಊರಿಗೆ ಹೋಗಿತ್ತು. ಸೂಲಗಿತ್ತಿಯನ್ನು ಕರೆಯಲು ಯಾರೋ ಓಡಿದರು. ಅಷ್ಟರಲ್ಲಿ ಆಗುವುದು ಆಗಿಹೋಗಿತ್ತು. ಆರು ಹೆತ್ತ ನನ್ನ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತುಬಿಟ್ಟಳು, ಜಾತಿಗೀತಿ ಎಲ್ಲ ಬದುವಿನ ಆಚೆ ಇಟ್ಟು. ನೀನು ಬಂದು ಬಿದ್ದದ್ದು ಅವಳ ಮಡಿಲಿಗೆ. ಹೊಲದ ಮೂಲೆಯಲ್ಲಿ ಅರಿಸಿನ ಬೇಯಿಸುವ ಕೊಪ್ಪರಿಗೆ ಇತ್ತಲ್ಲ, ಆ ನೀರನ್ನೇ ಆರಿಸಿ ಅದರಲ್ಲಿ ನಿನ್ನನ್ನು ಮೀಯಿಸಿದರು.

ನಾನು ಆಗ ಟ್ರೈನಿಂಗ್ ಮುಗಿಸಿ ಊರಿಗೆ ಬಂದಿದ್ದೆ. ಸ್ವಲ್ಪ ದೂರದಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ. ಅವ್ವ ನಿನ್ನನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿ ಹಿಡಿದು ನಿನ್ನ ಅಪ್ಪನಿಗೆ ಹೇಳಿದಳು: ‘ಅರಿಸ್ನದ್ ನೀರಲ್ಲಿ ಮಿಂದ್ ಬಂದವ್ಳೆ. ಗೌರೀನೇ ಕಣ್ಲಾ ಮಾದ ಇವ್ಳು. ನನ್ ಎಸ್ರೇ ಇಡು.’

ನನ್ನ ಅವ್ವನ ಹೆಸರು ಗೌರಮ್ಮ. ಹಬ್ಬದ ದಿನ ಹೆಂಗಸರು ಅರಿಸಿನ ಕಲಸಿ ಕೈಯಲ್ಲೇ ಗೌರಿ ಮಾಡಿ ಕೂರಿಸುತ್ತಾರಲ್ಲ, ಅವಳ ಮನಸ್ಸಿನಲ್ಲಿ ಇದ್ದದ್ದು ಆ ಗೌರಿ. ನಿನ್ನ ಅಪ್ಪ ಕೆಳಗೆ ಕೂತು ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡ. ಅವ್ವ ಮನೆಗೆ ಬಂದಾಗ ನಮ್ಮ ಹಿರಿಯರು ಬಾವಿಯ ಹತ್ತಿರ ಸ್ನಾನ ಮಾಡದೆ ಒಳಗೆ ಬರಬೇಡ ಎಂದರು. ಅವಳು ನಗುತ್ತಲೇ ನಾಲ್ಕು ಬಿಂದಿಗೆ ಸುರಿದುಕೊಂಡು ಬಂದಳು.

ನಮ್ಮ ಸೀಮೆಯಲ್ಲಿ ಹೆಸರು ಎಲ್ಲಿಂದ ಬರುತ್ತದೆ ಎಂದು ನಿನಗೆ ಹೇಳಬೇಕಿಲ್ಲ. ಬೆಟ್ಟದ ಮಾದಪ್ಪನಿಂದ ಮಾದಯ್ಯ, ಮಾದೇವ, ಮಾದಮ್ಮ. ಸಿದ್ದಪ್ಪಾಜಿಯಿಂದ ಸಿದ್ದಯ್ಯ, ಸಿದ್ದಮ್ಮ. ಬಿಳಿಗಿರಿಯ ಕಡೆಯವರು ರಂಗ, ಗೋಪಾಲಸ್ವಾಮಿ ಬೆಟ್ಟದ ಕಡೆಯವರು ಗೋಪಾಲ. ನನ್ನ ಒಂದು ಕ್ಲಾಸಿನಲ್ಲಿ ನಾಲ್ಕು ಮಾದೇವರಿದ್ದರು, ಒಬ್ಬನನ್ನು ಕರೆದರೆ ನಾಲ್ವರೂ ಎದ್ದು ನಿಲ್ಲುತ್ತಿದ್ದರು. ದೇವರು ಎಲ್ಲರಿಗೂ ಹಂಚಿದ್ದನ್ನು ಯಾರೂ ತಕರಾರು ಮಾಡುತ್ತಿರಲಿಲ್ಲ. ಆದರೆ ಮನೆಯ ಹಿರಿಯರ ಹೆಸರು ಬೇರೆ. ಅದು ತಾತನಿಂದ ಮೊಮ್ಮಗನಿಗೆ, ಅಜ್ಜಿಯಿಂದ ಮೊಮ್ಮಗಳಿಗೆ, ಒಂದೇ ಹೊಸಿಲ ಒಳಗೆ. ನಾನು ನನ್ನ ತಾತನ ಹೆಸರಿನವನು. ಅದು ಅವ್ವನ ಮಾವನ ಹೆಸರಾದ್ದರಿಂದ ಅವಳು ಬದುಕಿರುವವರೆಗೂ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. ‘ಅಯ್ಯ’ ಎನ್ನುತ್ತಿದ್ದಳು. ಬೈಯುವಾಗಲೂ ಅಯ್ಯ. ಕರೆಯದೇ ಇರುವುದರಲ್ಲಿ ಎಷ್ಟು ಪ್ರೀತಿ ಇರಬಹುದು ಎಂದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು — ಬಸ್ಸಿನಲ್ಲಿ ನಿನ್ನ ಮಾತು ಕೇಳಿದಾಗ ಅದಕ್ಕೇ ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಮದುವೆಯಾಗಿ ಬಂದ ನನ್ನ ಹೆಂಡತಿ ರಾಜಮ್ಮನೂ ಹಾಗೆಯೇ. ಅತ್ತೆಯ ಹೆಸರು ಬಾಯಲ್ಲಿ ಬರಬಾರದು. ಅವಳು ಗೌರಿ ಹಬ್ಬಕ್ಕೆ ‘ಗಣೇಶನ ಹಿಂದಿನ ದಿನದ ಹಬ್ಬ’ ಎನ್ನುತ್ತಿದ್ದಳು. ಈಗಲೂ ಹಾಗೆಯೇ ಎನ್ನುತ್ತಾಳೆ. ಮಕ್ಕಳು ನಗುತ್ತಿದ್ದವು.

ನಿನ್ನನ್ನು ಆರು ವರ್ಷ ಎಲ್ಲರೂ ಪುಟ್ಟಿ ಎಂದೇ ಕರೆದರು. ನಿಮ್ಮ ಕೇರಿಯಲ್ಲಿ ಯಜಮಾನತಿಯ ಹೆಸರನ್ನು ಕೂಗಿ ಕರೆಯಲು ಯಾರಿಗೂ ನಾಲಿಗೆ ಏಳುತ್ತಿರಲಿಲ್ಲ. ಹೆಸರು ಬೇಕಾಗುತ್ತಿದ್ದದ್ದು ಸ್ಕೂಲಿಗೆ ಸೇರುವ ದಿನ. ನಿನ್ನ ಅಪ್ಪ ಅದನ್ನು ಆ ದಿನಕ್ಕೆಂದೇ ಎತ್ತಿಟ್ಟುಕೊಂಡಿದ್ದ. ನಿನ್ನ ಅಜ್ಜಿ ಮಾತ್ರ ಸಿಟ್ಟು ಬಂದಾಗ ಸಾಕಿ ಎನ್ನುತ್ತಿದ್ದಳಂತೆ. ಸಾಕಮ್ಮ ಅಂತಲೇ ಇಡು, ಇನ್ನು ಹೆಣ್ಣು ಬೇಡ ಎಂದು ದೇವರಿಗೂ ಗೊತ್ತಾಗಲಿ ಎಂದು ಅಪ್ಪನ ಜೀವ ತಿನ್ನುತ್ತಿದ್ದಳಂತೆ. ಅವನು ಅವಳ ಮೇಲೆ ರೇಗಿದ್ದನ್ನು ನಾನು ನಮ್ಮ ಹೊಲದಲ್ಲೇ ಕೇಳಿದ್ದೇನೆ. ‘ನನ್ ಮಗೀಗೆ ನಾನು ಸಾಕು ಅನ್ನಲ್ಲ, ನೀನೂ ಅನ್ಬ್ಯಾಡ’ ಎಂದಿದ್ದ.

ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ನೀನು ಸ್ಕೂಲಿಗೆ ಸೇರುವ ವರ್ಷ ನಾನು ಊರಿನ ಸ್ಕೂಲಿನಲ್ಲೇ ಮೇಷ್ಟ್ರು. ಹೊಸದಾಗಿ ಮದುವೆ ಬೇರೆ ಆಗಿತ್ತು. ಒಂದು ಸಂಜೆ ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತ ದೊಡ್ಡಪ್ಪ ನಾಲ್ಕು ಜನರ ಮುಂದೆ ಹೇಳಿದರು: ‘ಇನ್ನೇನ್ಲಾ, ನಿಮ್ಮವ್ವನ್ ಎಸ್ರು ಕೇರೀಲಿ ಕೂಗ್ಸ್ಕತದ. ಏ ಗೌರಿ, ಸಗಣಿ ಬಾಚು ಅಂತ.’ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ರಾತ್ರಿ ಅರ್ಧ ಊಟಕ್ಕೇ ಎದ್ದುಬಿಟ್ಟೆ. ನನ್ನ ಹೆಂಡತಿ ಬಾಯಲ್ಲಿ ತರಲಾರದ ಹೆಸರು, ಹಾಜರಿ ಕೂಗುವಾಗ ದಿನಾ ನನ್ನ ಬಾಯಲ್ಲೇ, ಆಳಿನ ಮಗಳಿಗೆ — ಅಂದು ನನಗೆ ಹಾಗೆ ಕಂಡಿತು. ದೊಡ್ಡಪ್ಪ ಆಡಿದ್ದು ಒಂದು ಕುಹಕ, ಅಷ್ಟೇ. ಪೆನ್ನು ಇದ್ದದ್ದು ನನ್ನ ಕೈಯಲ್ಲಿ.

ಇಷ್ಟರ ಮಧ್ಯೆ ಒಂದು ಮಾತು. ನಮ್ಮ ಕೊಟ್ಟಿಗೆಯಲ್ಲಿ ಆಗ ಒಂದು ಹಸು ಇತ್ತು, ಅದರ ಹೆಸರೂ ಗೌರಿ. ಹಾಲು ಕರೆಯುವಾಗ ಕಾಲು ಝಾಡಿಸಿದರೆ ‘ಏಯ್ ಗೌರಿ’ ಎಂದು ಗದರುತ್ತಿದ್ದವನು ನಾನೇ. ಅದರಿಂದ ನಮ್ಮ ಅವ್ವನ ಮಾನ ಹೋಗುತ್ತದೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಹಸುವಿಗೆ ಇರಬಹುದಾದದ್ದು ನಿನಗೆ ಇರಬಾರದು ಎಂದು ತೀರ್ಮಾನಿಸಿದವನು ಇವತ್ತು ನಿನಗೆ ಬರೆಯುತ್ತಿದ್ದಾನೆ.

ಜೂನ್ ತಿಂಗಳು. ಮಾದಯ್ಯ ನಿನ್ನ ಕೈ ಹಿಡಿದು ಸ್ಕೂಲಿನ ಬಾಗಿಲಿಗೆ ಬಂದ. ನಿನಗೆ ಹೊಸ ಲಂಗ, ತಲೆಗೆ ಎಣ್ಣೆ ಇಳಿಯುವಷ್ಟು, ಕಂಕುಳಲ್ಲಿ ಸ್ಲೇಟು. ಅವನು ಒಗೆದ ಅಂಗಿ ಹಾಕಿ ಮದುವೆಗೆ ಹೊರಟವನ ಹಾಗೆ ಇದ್ದ. ಹೊಸಿಲ ಹೊರಗೇ ನಿಂತು, ‘ಗೌರಮ್ಮ ಅಂತ ಬರ್ಕಳಿ ಬುದ್ಧಿ’ ಎಂದ. ಆ ಹೆಸರನ್ನು ಅವನು ಗಟ್ಟಿಯಾಗಿ ಹೇಳಿದ್ದು ಅದೊಂದೇ ಸಲ ಇರಬೇಕು. ಹೇಳಿ ಒಂದು ಥರ ನಾಚಿಕೊಂಡ.

ನಾನು ತಲೆ ಎತ್ತದೆ, ಆ ಹೆಸರು ಬರೆಯುವ ಹಾಗಿಲ್ಲ ಎಂದೆ. ಒಂದೇ ಊರಿನಲ್ಲಿ ಒಂದೇ ಹೆಸರು ಎರಡು ಇರಬಾರದು, ಸರ್ಕಾರದ ರೂಲ್ಸು ಎಂದೆ. ಅದೇ ಪುಟದಲ್ಲಿ ಮೇಲಿಂದ ಕೆಳಗೆ ಮಾದೇವ, ಮಾದೇವ, ಮಾದೇವಸ್ವಾಮಿ ಎಂದು ನನ್ನ ಕೈಬರಹವೇ ಇತ್ತು. ಅವನಿಗೆ ಓದು ಬರುವುದಿಲ್ಲ ಎನ್ನುವ ಧೈರ್ಯ ನನಗೆ. ಅವನು ಬೇರೆ ಹೆಸರು ಯೋಚಿಸಲಿ ಎಂದು ಬಿಡಲೂ ಇಲ್ಲ — ಬಿಟ್ಟರೆ ಮನೆಗೆ ಹೋಗಿ ಅವ್ವನನ್ನು ಕೇಳಿಯಾನು ಎಂಬ ಭಯ. ಕೈಗೆ ಸಿಕ್ಕ ಹೆಸರು ಬರೆದೆ. ಅಜ್ಜಿ ಬೈಯುತ್ತಿದ್ದ ಹೆಸರು.

‘ಏನ್ ಬರ್ಕಂಡ್ರಿ ಬುದ್ಧಿ?’

‘ಸಾಕಮ್ಮ.’

ಅವನು ಸ್ವಲ್ಪ ಹೊತ್ತು ರಿಜಿಸ್ಟರನ್ನೇ ನೋಡಿದ. ಓದಲು ಬರದವನು ಅಕ್ಷರವನ್ನು ಹಾಗೆ ನೋಡಿದ್ದನ್ನು ನಾನು ಮತ್ತೆ ಕಂಡಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, ‘ಬುದ್ಧಿ, ಅದೊಂದ್ ಬ್ಯಾಡಿ. ಬ್ಯಾರೆ ಏನಾರೂ ಬರ್ಕಳಿ’ ಎಂದ.

ಬ್ಲೇಡಿನಲ್ಲಿ ಹೆರೆದು ತಿದ್ದಬಹುದಾಗಿತ್ತು. ಎಷ್ಟೋ ಹೆಸರನ್ನು ತಿದ್ದಿದ್ದೇನೆ. ಶಾಯಿಯಲ್ಲಿ ಬರೆದಾಯಿತು, ಇನ್ನು ಆಗುವುದಿಲ್ಲ ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಈ ವಿಷಯ ಮನೆಯಲ್ಲೂ ಆಡಬೇಡ, ಮಗುವಿಗೂ ಹೇಳಬೇಡ, ನಮ್ಮ ಅವ್ವನ ಕಿವಿಗೆ ಬಿದ್ದರೆ ಅವಳು ನೊಂದುಕೊಳ್ಳುತ್ತಾಳೆ ಎಂದೆ. ನನ್ನ ಅವ್ವನ ಮೇಲೆ ಅವನಿಗಿದ್ದ ಗೌರವವನ್ನೇ ತೆಗೆದು ಅವನ ಬಾಯಿಗೆ ಬೀಗ ಹಾಕಿದೆ. ಅವನು ‘ಊಂ ಬುದ್ಧಿ’ ಎಂದು ಹೆಬ್ಬೆಟ್ಟು ಒತ್ತಿದ. ನೀನು ಅಷ್ಟು ಹೊತ್ತೂ ಸ್ಲೇಟಿನ ಮರದ ಅಂಚನ್ನು ಕಚ್ಚುತ್ತ ನಿಂತಿದ್ದೆ.

ಅವತ್ತು ಸಂಜೆ ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ‘ಅಯ್ಯ, ನನ್ ಎಸ್ರಿನ್ ಕೂಸು ಸ್ಕೂಲ್ಗ್ ಬಂದಿತ್ತಾ?’ ಎಂದು ಕೇಳಿದಳು. ನಿನಗೆಂದು ಹಸಿರು ಬಳೆ ತರಿಸಿಟ್ಟಿದ್ದಳು. ಬಂದಿತ್ತು, ಆದರೆ ಅವರಪ್ಪನೇ ಬೇರೆ ಹೆಸರು ಬರೆಸಿದ ಎಂದೆ. ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಅವ್ವನ ಮುಖ ಸಣ್ಣದಾಯಿತು. ‘ಅಂಗಾ? ನನ್ ಎಸ್ರು ಮಾದನ್ಗೆ ಬ್ಯಾಡ್ವಾಯ್ತಾ’ ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ. ಬಳೆ ಪೆಟ್ಟಿಗೆಯಲ್ಲೇ ಉಳಿಯಿತು. ಮಾದಯ್ಯ ಮನೆಯ ಹಿಂದೆ ಬಂದು ನಿಂತರೆ ಮೊದಲಿನ ಹಾಗೆ ನಿಂತು ಮಾತಾಡಿಸುವುದನ್ನು ಬಿಟ್ಟಳು. ಅವನಿಗೆ ಅದು ಯಾಕೆಂದು ಗೊತ್ತಾಗಲಿಲ್ಲ. ಒಂದೆರಡು ಸಲ ನನ್ನ ಮುಖ ನೋಡಿದ. ನಾನು ಎಮ್ಮೆಗೆ ಹುಲ್ಲು ಹಾಕಲು ಎದ್ದು ಹೋದೆ. ಅವ್ವ ತೀರಿಕೊಂಡಾಗ ಅವನು ಮಣ್ಣು ಮಾಡಿದ ಗದ್ದಿಗೆಯ ಹತ್ತಿರಕ್ಕೆ ಬರದೆ ದೂರದಲ್ಲಿ ಹುಣಸೆಮರದ ಕೆಳಗೆ ಕೂತು ಅತ್ತ. ನಾನು ಅವಳ ಮಗ, ನನಗೆ ಅಷ್ಟು ಅಳು ಬರಲಿಲ್ಲ.

ನಿನ್ನ ಅವ್ವ ಮಾತ್ರ ನಿಜವನ್ನು ಊಹಿಸಿಕೊಂಡಿದ್ದಳು. ನೀನು ಮೂರನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂದು ಅವಳು ಹೋದಳು. ಆಮೇಲೆ ಗೊತ್ತಿದ್ದವರು ನಾವಿಬ್ಬರೇ. ಊರಿನವರು ಯಜಮಾನತಿಯ ಹೆಸರು ಬಿಟ್ಟು ಮಾದಯ್ಯನೇ ತನ್ನ ಜಾಗ ತಿಳಿದು ನಡೆದುಕೊಂಡ ಎಂದುಕೊಂಡರು, ಅದಕ್ಕೆ ಅವನನ್ನು ಹೊಗಳಿದವರೂ ಇದ್ದಾರೆ.

ಕ್ಲಾಸಿನಲ್ಲಿ ನಿನ್ನ ಹೆಸರು ಕೂಗಿದಾಗ ಮಕ್ಕಳು ಕಿಸಕ್ಕನೆ ನಗುತ್ತಿದ್ದವು. ಊಟಕ್ಕೆ ಕೂತರೆ ‘ಸಾಕಾ ಸಾಕಮ್ಮ?’ ಎಂದು ರೇಗಿಸುತ್ತಿದ್ದವು. ನಾನು ಅವರಿಗೆ ಎರಡೇಟು ಹಾಕುತ್ತಿದ್ದೆ. ಒಳ್ಳೆಯ ಮೇಷ್ಟ್ರು ಎಂದು ನೀನು ನನ್ನನ್ನು ನೋಡುತ್ತಿದ್ದೆ. ಆ ನೋಟವನ್ನು ನಾನು ಹೇಗೆ ಸಹಿಸಿಕೊಂಡೆನೋ — ಸಹಿಸಿಕೊಳ್ಳುವುದು ಏನು, ನನಗೆ ಅದು ಇಷ್ಟವೇ ಆಗುತ್ತಿತ್ತು.

ಹುಡುಗುತನದ ಗರ್ವ ಎಂದು ಇಷ್ಟಕ್ಕೆ ಮುಗಿಸಬಹುದಾಗಿತ್ತು. ಮುಗಿಯುವುದಿಲ್ಲ. ನಾನು ರಿಟೈರ್ ಆಗುವ ವರ್ಷ, ಊರಿನವರು ಸನ್ಮಾನ ಇಟ್ಟುಕೊಂಡಿದ್ದರಲ್ಲ, ಅದಕ್ಕೆ ಎಂಟು ದಿ‍ನ ಮುಂಚೆ ನಿನ್ನ ಅಪ್ಪ ಕೋಲೂರಿಕೊಂಡು ಸ್ಕೂಲಿಗೆ ಬಂದ. ಆಗಲೇ ಅವನಿಗೆ ಉಬ್ಬಸ. ಅದೇ ಬಾಗಿಲು, ಅದೇ ಹೊಸಿಲ ಹೊರಗೆ. ಒಳಗೆ ಬಾ ಎಂದರೂ ಬರಲಿಲ್ಲ.

‘ಬುದ್ಧಿ, ಕೊನೇ ಮಗ್ಳು ನನ್ ಮ್ಯಾಲೆ ಬೇಜಾರ್ ಮಾಡ್ಕಂಡವ್ಳೆ. ಮಾತೇ ಆಡಲ್ಲ ಸರ್ಯಾಗಿ. ಆ ಎಸ್ರಿನ್ ಇಸ್ಯ ಯೋಳ್ಬುಡ್ಲಾ? ಅವತ್ತು ನಿಮ್ಗೆ ಊಂ ಅಂದಿದ್ದಿ. ಅದ್ಕೇ ಕೇಳ್ದೆ.’

ನೋಡು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವನು ಆ ‘ಊಂ’ ಅನ್ನು ಕಾಪಾಡಿಕೊಂಡು ಬಂದಿದ್ದ. ಬಿಡಿಸಿಕೊಳ್ಳಲು ನನ್ನ ಹತ್ತಿರವೇ ಬಂದ. ಹೇಳು ಮಾದಯ್ಯ, ನಾನೂ ಬರುತ್ತೇನೆ, ಇಬ್ಬರೂ ಹೇಳೋಣ — ಇಷ್ಟೇ ಮಾತು. ನನಗೆ ಸನ್ಮಾನದ ಶಾಮಿಯಾನ ಕಣ್ಣೆದುರು ಬಂತು. ಈಗ್ಯಾಕೆ ಅದೆಲ್ಲ, ಅವಳಿಗೆ ಕೆಲಸ ಇದೆ, ಸಂಸಾರ ಇದೆ, ಹಳೆಯದನ್ನು ಕೆದಕಬೇಡ ಎಂದೆ. ಅವನು ‘ಆಯ್ತು ಬುದ್ಧಿ’ ಎಂದ. ಹೋಗುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಂಡ.

ಸನ್ಮಾನದ ದಿನ ನೀನು ಡ್ಯೂಟಿಯಿಂದ ನೇರವಾಗಿ ಖಾಕಿಯಲ್ಲೇ ಬಂದೆ. ಕೇರಿಯ ಮಕ್ಕಳಿಗೆ ಅಕ್ಷರ ಕೊಟ್ಟ ದೇವರು ಎಂದು ಮೈಕಿನಲ್ಲಿ ಯಾರೋ ಹೇಳಿದರು. ನನಗೆ ಹಾರ ಹಾಕಿದವಳು ನೀನು. ಹಾಕಿ ಕಾಲಿಗೆ ನಮಸ್ಕಾರ ಮಾಡಿದೆ. ನಿನ್ನ ಅಪ್ಪ ಶಾಮಿಯಾನದ ಕೊನೆಯಲ್ಲಿ ಕೂತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದ. ನೀನು ಅವನನ್ನು ದಾಟಿಕೊಂಡೇ ಹೋದೆ, ಮಾತಾಡಿಸಲಿಲ್ಲ. ಅದಾಗಿ ಮೂರು ತಿಂಗಳಿಗೆ ಅವನು ತೀರಿಕೊಂಡ.

ಅಕ್ಕಂದಿರನ್ನು ಹೆಸರು ಹಿಡಿದು ಕರೆದವನು ನಿನ್ನನ್ನು ಮಾತ್ರ ಅಮ್ಮಿ ಎಂದ ಎಂದು ದೂರಿದೆಯಲ್ಲ. ಇದು ಕಾರಣ. ಇಡಬೇಕೆಂದಿದ್ದ ಹೆಸರನ್ನು ಕರೆಯುವ ಹಾಗಿರಲಿಲ್ಲ. ರಿಜಿಸ್ಟರಿನಲ್ಲಿದ್ದ ಹೆಸರನ್ನು ಅವನು ಕರೆಯಲೊಲ್ಲ. ಇಡೀ ಊರು, ಸ್ಕೂಲು, ಸರ್ಕಾರ ಎಲ್ಲ ನಿನಗೆ ಸಾಕು ಎಂದಾಗ, ಒಂದು ಸಲವೂ ಆ ಮಾತು ಆಡದವನು ಅವನೊಬ್ಬನೇ.

ಮೊನ್ನೆ ನಾನು ಸ್ಕೂಲಿಗೆ ಹೋಗಿದ್ದೆ. ಈಗಿನ ಹೆಡ್‌ಮೇಡಮ್ಮು ನನ್ನ ವಿದ್ಯಾರ್ಥಿನಿಯೇ, ಹಳೆಯ ರಿಜಿಸ್ಟರು ತೆಗೆಸಿ ಕೊಟ್ಟರು. ಅಂಚು ಗೆದ್ದಲು ತಿಂದಿದೆ, ನಿನ್ನ ಸಾಲು ಚೆನ್ನಾಗಿದೆ. ನನ್ನ ಅಕ್ಷರ ಮುದ್ದಾಗಿ ಕೂತಿದೆ. ಪಕ್ಕದಲ್ಲಿ ಅಪ್ಪನ ಹೆಬ್ಬೆಟ್ಟು. ಉಳಿದವರ ಗುರುತೆಲ್ಲ ದುಂಡಗೆ ಬಿದ್ದಿದೆ, ಅವನದು ಮಾತ್ರ ಒತ್ತುವಾಗಲೇ ಹಿಂದಕ್ಕೆ ಎಳೆದುಕೊಂಡ ಹಾಗೆ ಜಾರಿದೆ. ನೀನು ಹೋದರೆ ತೋರಿಸಲು ಹೇಳಿ ಬಂದಿದ್ದೇನೆ.

ಮನೆಗೆ ಬಂದು ಇಷ್ಟನ್ನೂ ಬರೆದು ರಾಜಮ್ಮನಿಗೆ ಓದಿ ಹೇಳಿದೆ. ನಲವತ್ತು ವರ್ಷ ಅವಳೂ ನನ್ನ ಸುಳ್ಳನ್ನೇ ನಂಬಿದ್ದಳು. ಅವಳು ಬೈಯಲಿಲ್ಲ. ಎದ್ದು ಒಳಗೆ ಹೋಗಿ ಅತ್ತೆಯ ಪೆಟ್ಟಿಗೆ ತಡಕಾಡಿ ಒಂದು ಕಾಗದದ ಪೊಟ್ಟಣ ತಂದಳು. ಹಸಿರು ಬಳೆ, ಆರು ವರ್ಷದ ಮಗುವಿನ ಕೈಯಳತೆ, ಎರಡು ಒಡೆದಿವೆ. ಅದನ್ನು ನನ್ನ ಮುಂದಿಟ್ಟು, ‘ನಾಳೀಕೆ ನೀವೇ ತಕ್ಕೊಂಡೋಗಿ ಕೊಟ್ಬನ್ನಿ. ಗೌರಮ್ಮನ್ ಬಳೆ ಗೌರಮ್ಮಂಗೇ ಸೇರ್ಲಿ’ ಎಂದಳು.

ಎರಡು ಸಲ ಹೇಳಿದಳು ಆ ಹೆಸರನ್ನು. ಮದುವೆಯಾಗಿ ಬಂದಾಗಿನಿಂದ ಅವಳ ಬಾಯಲ್ಲಿ ನಾನು ಅದನ್ನು ಕೇಳಿರಲಿಲ್ಲ. ಎರಡನೆಯ ಸಲ ಹೇಳಿದ್ದು ನಿನ್ನ ಹೆಸರಾಗಿ.

ನಾಳೆ ಭಾನುವಾರ. ನಿನ್ನ ಬಸ್ಸು ಬೆಳಿಗ್ಗೆ ಹೊರಡುವ ಮುಂಚೆ ಚಾಮರಾಜನಗರದ ಸ್ಟ್ಯಾಂಡಿನಲ್ಲಿ ಇದನ್ನೂ ಪೊಟ್ಟಣವನ್ನೂ ನಿನ್ನ ಕೈಗೆ ಕೊಡುತ್ತೇನೆ. ಬಸ್ಸು ಹತ್ತುವುದಿಲ್ಲ, ನೀನು ಓದುವಾಗ ಎದುರಿಗೆ ಕೂತಿರುವ ಹಕ್ಕು ನನಗಿಲ್ಲ. ಸೋಮವಾರ ನೋಟರಿಯ ಹತ್ತಿರ ಬರುತ್ತೇನೆ. ಕರೆದರೆ ಒಳಗೆ, ಇಲ್ಲದಿದ್ದರೆ ಹೊರಗೆ ನಿಂತಿರುತ್ತೇನೆ. ಮಗುವಿನ ತಂದೆ ಹೇಳಿದ ಹೆಸರು ಗೌರಮ್ಮ, ಸುಳ್ಳು ಹೇಳಿ ಬೇರೆ ಬರೆದವನು ನಾನು ಎಂದು ಪ್ರಮಾಣ ಮಾಡಿ ರುಜು ಹಾಕುತ್ತೇನೆ. ಆಮೇಲೆ ನಮ್ಮ ಊರಿನ ಜಗಲಿಯ ಮೇಲೂ ಅದನ್ನೇ ಹೇಳುತ್ತೇನೆ. ಮಾದಯ್ಯನನ್ನು ಹೊಗಳಿದವರು ಇನ್ನೂ ಒಬ್ಬಿಬ್ಬರು ಬದುಕಿದ್ದಾರೆ.

ಯಾವ ಹೆಸರು ಇಟ್ಟುಕೊಳ್ಳಬೇಕು ಎಂದು ನಾನು ಹೇಳುವುದಿಲ್ಲ. ಒಂದು ಸಲ ಹೇಳಿ ಸಾಕಾಗಿದೆ. ನಮ್ಮ ಮನೆಯ ಹೆಸರು ನಿನಗೆ ಬೇಡವಾದರೆ ಬೇಡ, ಅದರಲ್ಲಿ ತಪ್ಪಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ. ಯಾರನ್ನು ಕೇಳಬೇಕಾಗಿತ್ತೋ ಅವನು ಹೊಸಿಲ ಹೊರಗೆ ಎರಡು ಸಲ ನಿಂತು ಹೋದ. ಆದರೆ ಮಗಳ ಅರ್ಜಿಯಲ್ಲಿ ಆ ಎರಡನೆಯ ಜಾಗ, ಸರ್‌ನೇಮಿನದು, ತುಂಬುವ ಮುಂಚೆ ಒಂದು ಗಳಿಗೆ ನಿಲ್ಲು. ಆ ‘ಎಂ’ ನನ್ನದಲ್ಲ. ನನ್ನ ಕೈಯಿಂದ ಬಂದ ಹೆಸರನ್ನು ಕಿತ್ತು ಬಿಸಾಕು. ಅದರ ಹಿಂದೆ ನಿಂತಿರುವವನು, ‘ಅದೊಂದ್ ಬ್ಯಾಡಿ’ ಎಂದು ನಿನ್ನ ಪರವಾಗಿ ಬೇಡಿಕೊಂಡವನು, ನಿನ್ನ ಅಪ್ಪ.